ಟೆಲಿಫೋನ್ ಲೈನಿಗೆ ಕರೆಂಟ್ ತಂತಿ ತಾಗಿದರೆ: ಮಿಂಚಿನ ಕಾವಲು ಸಾಕಾ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಕರೆಂಟ್ ತಂತಿ, ಟೆಲಿಫೋನ್ ತಂತಿ ಎರಡೂ ಒಂದೇ ಕಂಬದ ಮೇಲೆ ಹೋಗುತ್ತವೆ. ಮೊನ್ನೆ ಗಾಳಿಗೆ ಮೇಲಿನ ತಂತಿಯೊಂದು ಸಡಿಲಗೊಂಡು ಟೆಲಿಫೋನ್ ವೈರಿನ ಮೇಲೆ ಒರಗಿಕೊಂಡಿತ್ತು. ಪಕ್ಕದ ಮನೆಯ ಮೋಡೆಮ್ ಕರಗಿ ಗೋಡೆ ಕಪ್ಪಾಯಿತು. ನಮ್ಮ ಮನೆಯಲ್ಲಿ ಫೋನ್ ಸತ್ತುಹೋಗಿದೆ, ಅಷ್ಟೇ. ತಂತಿಯನ್ನು ಈಗ ಸರಿಮಾಡಿದ್ದಾರೆ. ಮತ್ತೆ ಹೀಗಾಗದಂತೆ ಫೋನ್ ಲೈನಿಗೆ ಹಾಕುವ ಸರ್ಜ್ ಪ್ಲಗ್ ಒಂದು ತಂದು ಹಾಕಿದರೆ ಸಾಕಾ? ಇಲ್ಲ, ಫ್ಯೂಸ್ ಹಾಕಿಸಬೇಕಾ? ಹೊರಗಿನ ಡಬ್ಬಿಯಲ್ಲಿರುವ ಪ್ರೊಟೆಕ್ಟರ್ ಕಿತ್ತು ಬಿಸಾಡಿದರೆ ಫೋನ್ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಮೊದಲು ಗೆಳೆಯರ ಸಲಹೆಯ ವಿಷಯ. ವೋಲ್ಟೇಜ್ ಮಿತಿ ಮೀರಿದರೆ ಲೈನನ್ನು ಭೂಮಿಗೆ ಸೇರಿಸುವ ಕಾವಲುಗಾರ ಆ ಪ್ರೊಟೆಕ್ಟರ್. ಅದನ್ನು ಕೀಳಬೇಡಿ, ಯಾರಿಗೂ ಕೀಳಲು ಬಿಡಬೇಡಿ. ನಿಮ್ಮ ಫೋನ್ ಸತ್ತದ್ದಕ್ಕೂ ನಿಮ್ಮ ಗೋಡೆ ಬೆಳ್ಳಗೇ ಉಳಿದದ್ದಕ್ಕೂ ಬಹುಶಃ ಅದೇ ಕಾರಣ. ಹೇಗೆ ಅನ್ನುವುದು ಮುಂದೆ ಬರುತ್ತದೆ.

ಇನ್ನು ಸರ್ಜ್ ಪ್ಲಗ್. ಸಾಲದು. ಅಂಥ ಪ್ಲಗ್ಗುಗಳನ್ನು ಮಾಡುವುದು ಮಿಂಚಿಗಾಗಿ. ಮಿಂಚಿನ ಹೊಡೆತವೇ ಬೇರೆ, ಕರೆಂಟ್ ತಂತಿ ತಾಗುವುದೇ ಬೇರೆ. ಎರಡನ್ನೂ 'ಹೈ ವೋಲ್ಟೇಜ್' ಎಂದು ಒಂದೇ ಗಂಟಿಗೆ ಕಟ್ಟುವ ತಪ್ಪನ್ನು ಈ ಕೆಲಸದಲ್ಲಿರುವವರೇ ಮಾಡುತ್ತಾರೆ. ಮೊದಮೊದಲು ನಾನೂ ಮಾಡಿದ್ದೆ. ಮಿಂಚಿನ ಹೊಡೆತ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗಿರುತ್ತದೆ. ತಾಗಿಕೊಂಡ ಕರೆಂಟ್ ತಂತಿ ಯಾರಾದರೂ ಬಂದು ಬಿಡಿಸುವವರೆಗೆ ಅಲ್ಲೇ ಕೂತಿರುತ್ತದೆ. ಅದು ಹತ್ತು ನಿಮಿಷ ಇರಬಹುದು, ಎರಡು ದಿನವೂ ಇರಬಹುದು. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಟೆಲಿಫೋನ್ ಲೈನ್ ಅಂದರೆ ಎರಡು ಸಣ್ಣ ತಾಮ್ರದ ತಂತಿಗಳು. ದಪ್ಪ ಸಾಮಾನ್ಯವಾಗಿ 0.4 ಅಥವಾ 0.5 ಮಿಲಿಮೀಟರ್. ಎಕ್ಸ್‌ಚೇಂಜು ಅವುಗಳ ಮೇಲೆ 48 ವೋಲ್ಟ್ ಡಿಸಿ ಇಟ್ಟಿರುತ್ತದೆ. ಕರೆ ಬಂದಾಗ ಗಂಟೆ ಬಾರಿಸಲು 75ರಿಂದ 90 ವೋಲ್ಟಿನ ಎಸಿ ಕಳಿಸುತ್ತದೆ. ಮಾತಾಡುವಾಗ ಹರಿಯುವುದು 20ರಿಂದ 50 ಮಿಲಿಆಂಪಿಯರ್ ಅಷ್ಟೇ. ಡಬ್ಬಿಯೊಳಗಿನ ಸ್ಕ್ರೂ, ಜಾಕಿನ ಕೂದಲೆಳೆಯಂಥ ಸ್ಪ್ರಿಂಗು, ಮೋಡೆಮಿನ ಚಿಪ್ಪು ಎಲ್ಲವನ್ನೂ ಇಷ್ಟಕ್ಕೇ ಮಾಡಿರುತ್ತಾರೆ. ಅದೇ ಕಂಬದಲ್ಲಿ ಒಂದೆರಡು ಅಡಿ ಮೇಲೆ 230 ವೋಲ್ಟ್ ಓಡುತ್ತಿರುತ್ತದೆ. ಅದಕ್ಕೂ ಮೇಲೆ ಕೆಲವು ಕಡೆ 11,000 ವೋಲ್ಟ್.

ಇವೆರಡರಲ್ಲಿ ಯಾವುದು ತಾಗಿದರೆ ಜಾಸ್ತಿ ಅಪಾಯ? ಕೇಳಿದವರೆಲ್ಲ 11,000 ಅನ್ನುತ್ತಾರೆ. ಕಂಬದ ಹತ್ತಿರ ನಿಂತವನ ಮಟ್ಟಿಗೆ ಅದು ಸರಿ. ಮನೆಯ ಮಟ್ಟಿಗೆ ಮಾತ್ರ ನನಗೆ ಹೆಚ್ಚು ಹೆದರಿಕೆ 230ರದ್ದೇ.

11,000 ವೋಲ್ಟಿನ ತಂತಿ ಬಿದ್ದರೆ ಊರಿಗೇ ಗೊತ್ತಾಗುತ್ತದೆ. ಢಂ ಅನ್ನುತ್ತದೆ, ಕಿಡಿ ಹಾರುತ್ತದೆ. ಹರಿಯುವ ಕರೆಂಟು ದೊಡ್ಡದಾಗಿದ್ದರೆ ಸಬ್‌ಸ್ಟೇಷನ್ನಿನ ಬ್ರೇಕರ್ ಸೆಕೆಂಡಿನೊಳಗೆ ಟ್ರಿಪ್ ಆಗುತ್ತದೆ. 0.5 ಮಿಲಿಮೀಟರಿನ ತಾಮ್ರದ ತಂತಿ 28 ಆಂಪಿಯರಿನ ಸುಮಾರಿಗೆ, 0.4ರದ್ದು 20ರ ಸುಮಾರಿಗೆ ಕರಗಿ ತುಂಡಾಗುತ್ತದೆ. ಹಾಗಾಗಿ ಟೆಲಿಫೋನ್ ತಂತಿಯೇ ಎಷ್ಟೋ ಸಲ ಫ್ಯೂಸಾಗಿ ಹೋಗಿಬಿಡುತ್ತದೆ. ಇಲ್ಲೊಂದು ಮೋಸವಿದೆ, ಅದನ್ನೂ ಹೇಳಿಬಿಡುತ್ತೇನೆ. ತುಂಬ ಕಡೆ ಬ್ರೇಕರು ಟ್ರಿಪ್ ಆದ ಮೇಲೆ ತಾನಾಗೇ ಮತ್ತೆ ಹಾಕಿಕೊಳ್ಳುತ್ತದೆ. ಕೊಂಬೆ ಸವರಿ ಹೋದಂಥ ಸಣ್ಣ ತೊಂದರೆಗೆಲ್ಲ ಊರು ಕತ್ತಲಾಗಬಾರದು ಎಂದು ಮಾಡಿದ ಏರ್ಪಾಡು ಅದು. ಅಂದರೆ 'ಕರೆಂಟ್ ಹೋಯ್ತಲ್ಲ' ಎಂದು ಬಿದ್ದ ತಂತಿಯ ಹತ್ತಿರ ಹೋದವನ ಕಾಲ ಬುಡದಲ್ಲೇ ಅದು ಎರಡನೇ ಸಲ, ಮೂರನೇ ಸಲ ಜೀವ ತುಂಬಿಕೊಳ್ಳಬಹುದು.

230 ವೋಲ್ಟ್ ತಾಗಿದಾಗ ಇಂಥ ಯಾವ ಗಲಾಟೆಯೂ ಇರುವುದಿಲ್ಲ. ಒಂದು ಲೆಕ್ಕ ಹಾಕೋಣ. ನಿಮ್ಮ ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಫೇಸ್ ತಂತಿ ಟೆಲಿಫೋನಿನ ಒಂದು ತಂತಿಗೆ ತಾಗಿದೆ ಅಂದುಕೊಳ್ಳಿ. 0.5 ಮಿಲಿಮೀಟರ್ ತಾಮ್ರಕ್ಕೆ ಕಿಲೋಮೀಟರಿಗೆ 88 ಓಮ್ ರೆಸಿಸ್ಟೆನ್ಸ್. ನಿಮ್ಮ ಮನೆಯ ಅರ್ಥಿಂಗ್ ರಾಡು 25 ಓಮ್ ಇರಲಿ. ಎರಡೂ ಸೇರಿ 113. ಮನೆಯ ಪ್ರೊಟೆಕ್ಟರ್ ತನ್ನ ಕೆಲಸ ಮಾಡಿ ಲೈನನ್ನು ಭೂಮಿಗೆ ಸೇರಿಸಿದರೆ ಹರಿಯುವುದು ಸುಮಾರು 2 ಆಂಪಿಯರ್. ಬೀದಿಯ ಟ್ರಾನ್ಸ್‌ಫಾರ್ಮರಿನ 100 ಆಂಪಿಯರ್ ಫ್ಯೂಸಿಗೆ ಈ ಎರಡು ಆಂಪಿಯರ್ ಯಾವ ಲೆಕ್ಕ? ಯಾರದೋ ಮನೆಯಲ್ಲಿ ಅರ್ಧ ಬಿಸಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾರೆ ಅಂದುಕೊಂಡು ಸುಮ್ನೆ ಕೊಡುತ್ತಲೇ ಇರುತ್ತದೆ. ಎಲ್ಲೂ ಟ್ರಿಪ್ ಇಲ್ಲ, ಬೆಳಕು ಹೋಗಿಲ್ಲ, ದೂರು ಕೊಡುವವರೂ ಇಲ್ಲ.

ಹೀಗೆ ಹರಿಯುವ ಒಟ್ಟು ಶಕ್ತಿ 460 ವ್ಯಾಟಿನ ಆಸುಪಾಸು. ಬಹುಪಾಲು ಒಂದು ಕಿಲೋಮೀಟರ್ ತಂತಿಯ ಉದ್ದಕ್ಕೂ ಹಂಚಿ ಗಾಳಿಗೆ ಹೋಗುತ್ತದೆ. ಸ್ವಲ್ಪ ಮಣ್ಣಿಗೆ. ಉಳಿದ ಪುಡಿಗಾಸು ಪ್ರೊಟೆಕ್ಟರಿನೊಳಗೆ ಬೀಳುತ್ತದೆ. ಆ ಪುಡಿಗಾಸೇ ಮನೆ ಸುಡುವುದು.

ಪ್ರೊಟೆಕ್ಟರ್ ಒಳಗೆ ಏನಿದೆ ನೋಡಿ. ಈಗಿನ ಡಬ್ಬಿಗಳಲ್ಲಿ ಹೆಚ್ಚಾಗಿ ಗ್ಯಾಸ್ ಟ್ಯೂಬ್ ಇರುತ್ತದೆ. ದೊಡ್ಡ ಬಟಾಣಿ ಕಾಳಿನಷ್ಟು ಗಾತ್ರ, ಪಿಂಗಾಣಿಯ ಉಂಗುರ, ಎರಡೂ ಬದಿಗೆ ಲೋಹದ ಮುಚ್ಚಳ, ಒಳಗೆ ಜಡ ಅನಿಲ. ವೋಲ್ಟೇಜ್ ಮಾಮೂಲಿಯಾಗಿರುವವರೆಗೆ ಅದು ಲೈನಿನಲ್ಲಿ ಇದೆಯೋ ಇಲ್ಲವೋ ಅನ್ನುವಂತೆ ಇರುತ್ತದೆ. ಮಿತಿ ದಾಟಿದ ಕೂಡಲೇ ಒಳಗಿನ ಅನಿಲ ಹೊತ್ತಿಕೊಂಡು ಲೈನನ್ನು ನೇರ ಭೂಮಿಗೆ ಸೇರಿಸುತ್ತದೆ. ಒಮ್ಮೆ ಹೊತ್ತಿಕೊಂಡ ಮೇಲೆ ಅದರ ಎರಡು ಬದಿಯ ಮಧ್ಯೆ ಉಳಿಯುವುದು 15 ವೋಲ್ಟಿನ ಸುಮಾರು. ನಮ್ಮ ಲೆಕ್ಕದ 2 ಆಂಪಿಯರಿಗೆ 30 ವ್ಯಾಟ್ ಆಯಿತು. ರೇಡಿಯೋ ರಿಪೇರಿಯವರು ಹಿಡಿಯುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಅದರ ಪೂರ್ತಿ ಕಾವನ್ನು ಒಂದು ಬಟಾಣಿ ಕಾಳಿನೊಳಗೆ ತುಂಬಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮರದ ಚೌಕಟ್ಟಿಗೆ ಬಡಿದು, ರಾತ್ರಿಯಿಡೀ ಬಿಟ್ಟಿದ್ದೀರಿ ಅಂದುಕೊಳ್ಳಿ.

ಈಗ ಇದೇ ಟ್ಯೂಬಿನ ಮೇಲೆ ಮಿಂಚಿನ ಹೊಡೆತ ಬಿತ್ತು ಅನ್ನೋಣ. 5,000 ಆಂಪಿಯರ್! ಕೇಳಲು ಭಯಂಕರ. ಆದರೆ ಪರೀಕ್ಷೆಯಲ್ಲಿ ಬಳಸುವ ಆ ಹೊಡೆತ ಸೆಕೆಂಡಿನ ಲಕ್ಷದ ಒಂದೆರಡು ಭಾಗದಲ್ಲೇ ಇಳಿದುಹೋಗುತ್ತದೆ. ಟ್ಯೂಬಿನಲ್ಲಿ ಉಳಿಯುವ ಕಾವು ಎರಡು-ಮೂರು ಜೌಲ್ ಅಷ್ಟೇ. ನಮ್ಮ ಬಡ 2 ಆಂಪಿಯರು ಕಾಲು ಗಂಟೆಯಲ್ಲಿ ಸುರಿಯುವುದು 27,000 ಜೌಲ್. ಟ್ಯೂಬು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಮಾಮೂಲಿ ಟೆಲಿಫೋನ್ ಟ್ಯೂಬಿನ ವಿವರದ ಹಾಳೆ ತೆಗೆದರೆ ಮಿಂಚಿಗೆ 5,000 ಆಂಪಿಯರ್ ಎಂದು ಬರೆದಿರುತ್ತಾರೆ. ಪಕ್ಕದಲ್ಲೇ 50 ಹರ್ಟ್ಸ್ ಎಸಿಗೆ 5 ಆಂಪಿಯರ್, ಅದೂ ಒಂದು ಸೆಕೆಂಡ್ ಎಂದಿರುತ್ತದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡುವುದು ಮೊದಲನೆಯದನ್ನು ಮಾತ್ರ. ವ್ಯಾಪಾರ, ಏನು ಮಾಡುವುದು.

ಅದಕ್ಕೇ ಒಳ್ಳೆಯ ಪ್ರೊಟೆಕ್ಟರಿನಲ್ಲಿ ಟ್ಯೂಬಿನ ಬೆನ್ನಿಗೆ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದನ್ನು ಒಂದು ಚೂರು ಸೋಲ್ಡರ್ ಗುಳಿಗೆಯೋ ತೆಳು ಪ್ಲಾಸ್ಟಿಕ್ ಹಾಳೆಯೋ ದೂರ ಹಿಡಿದಿರುತ್ತದೆ. ಟ್ಯೂಬು ಕಾದರೆ ಗುಳಿಗೆ ಕರಗುತ್ತದೆ, ಪಟ್ಟಿ ಟಕ್ಕನೆ ಕೂತು ಲೈನನ್ನು ಲೋಹಕ್ಕೆ ಲೋಹ ಸೇರಿಸಿ ಅರ್ಥ್ ಮಾಡಿಬಿಡುತ್ತದೆ. ಈಗ ನಡುವೆ 15 ವೋಲ್ಟ್ ಇಲ್ಲ, ಕಾವೂ ಇಲ್ಲ. ಕರೆಂಟು ಸುಮ್ಮನೆ ಮಣ್ಣಿಗೆ ಹೋಗುತ್ತಿರುತ್ತದೆ. ಆದರೆ ಪಟ್ಟಿ ಮತ್ತೆ ಮೇಲೆ ಏಳುವುದಿಲ್ಲ. ಆ ಲೈನಿನಲ್ಲಿ ಇನ್ನು ಡಯಲ್ ಟೋನ್ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ ಇರಬೇಕು. ಪಕ್ಕದ ಮನೆಯಲ್ಲಿ ಪ್ರೊಟೆಕ್ಟರ್ ಇರಲಿಲ್ಲವೋ, ಇದ್ದರೂ ಅರ್ಥ್ ತಂತಿ ಬಿಟ್ಟುಹೋಗಿತ್ತೋ, ಡಬ್ಬಿ ತೆಗೆದರೆ ಗೊತ್ತಾಗುತ್ತದೆ.

ಹಳೆಯ ಡಬ್ಬಿಗಳಲ್ಲಿ ಗ್ಯಾಸ್ ಟ್ಯೂಬಿನ ಜಾಗದಲ್ಲಿ ಕಾರ್ಬನ್ ಬ್ಲಾಕುಗಳಿರುತ್ತವೆ. ಕೂದಲೆಳೆಯಷ್ಟು ಸಂದು ಬಿಟ್ಟು ಎದುರುಬದುರು ಕೂತ ಎರಡು ಇದ್ದಿಲ ತುಂಡು. ವೋಲ್ಟೇಜ್ ಏರಿದರೆ ಸಂದಿನಲ್ಲಿ ಕಿಡಿ ಹಾರುತ್ತದೆ. ಇವುಗಳ ತೊಂದರೆ ಏನೆಂದರೆ 350-400 ವೋಲ್ಟಿಗೆ ಮೊದಲು ಎಚ್ಚರವೇ ಆಗುವುದಿಲ್ಲ. 230 ವೋಲ್ಟ್ ಎಸಿಯ ತುದಿ 325 ವೋಲ್ಟ್. ಅಂದರೆ ತೀರಾ ಸಾಮಾನ್ಯವಾದ ತಾಗುವಿಕೆ ಕಾವಲುಗಾರನ ಮುಂದೆಯೇ ನಡೆದು ಮನೆಯೊಳಗೆ ಹೋಗುತ್ತದೆ. 350 ವೋಲ್ಟಿನ ಗ್ಯಾಸ್ ಟ್ಯೂಬ್ ಹಾಕಿದ್ದರೂ ಇದೇ ಕತೆ. ಫೋನ್ ಎತ್ತಿಟ್ಟಿದ್ದರೆ ಕರೆಂಟು ಒಂದು ತಂತಿಯಲ್ಲಿ ಬಂದು, ಫೋನಿನ ಒಳಗೆ ಹಾದು, ಇನ್ನೊಂದು ತಂತಿಯಲ್ಲಿ ಎಕ್ಸ್‌ಚೇಂಜಿನ ಅರ್ಥಿಗೆ ಹೋಗುತ್ತದೆ. ಅರ್ಧ ಆಂಪಿಯರಿಗೂ ಕಡಿಮೆ. ಫ್ಯೂಸು ಹೋಗಲು ಸಾಲದು, ಟ್ಯೂಬು ಹೊತ್ತಿಕೊಳ್ಳಲು ಸಾಲದು, ಪ್ಲಾಸ್ಟಿಕ್ ಕರಗಲು ಮಾತ್ರ ಸಾಕು. ಇಂಥ ಕಳ್ಳ ಕರೆಂಟೇ ಈ ವಿಷಯದಲ್ಲಿ ತುಂಬ ಕಷ್ಟದ್ದು.

ಒಮ್ಮೆ ದೂರು ಬಂದ ಮನೆಗೆ ಹೋಗಿದ್ದೆ. 'ಎರಡು ದಿನದಿಂದ ಫೋನು ಗುಂಯ್ ಅನ್ನುತ್ತದೆ, ಮಧ್ಯೆ ಮಧ್ಯೆ ಗಂಟೆ ಒಂದು ಸಲ ಕಿಣ್ ಅಂದು ಸುಮ್ಮನಾಗುತ್ತದೆ' ಎಂಬುದಷ್ಟೇ ದೂರು. ಡಬ್ಬಿಯ ಮುಚ್ಚಳದ ಮೇಲೆ ಕೈ ಇಡುವ ಮೊದಲು ಟೆಸ್ಟರ್ ಹಿಡಿದೆ, ಉರಿಯಿತು. ಮೀಟರ್ ಹಾಕಿದರೆ ಒಂದು ತಂತಿಗೂ ಅರ್ಥಿಗೂ 210 ವೋಲ್ಟ್. ಎರಡು ದಿನದಿಂದ ಮನೆಯವರು ಅದೇ ರಿಸೀವರ್ ಕಿವಿಗೆ ಹಿಡಿದು ಮಾತಾಡುತ್ತಿದ್ದರು. ಒಳಗಿನ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿತ್ತು, ಒಂದು ಸ್ಕ್ರೂವಿನ ಸುತ್ತ ಗುಳ್ಳೆ ಎದ್ದಿತ್ತು. ಮೂರು ಕಂಬದಾಚೆ ಮಾವಿನ ಕೊಂಬೆಯೊಂದು ಟೆಲಿಫೋನ್ ವೈರನ್ನು ಮೇಲಕ್ಕೆತ್ತಿ ಕರೆಂಟ್ ತಂತಿಗೆ ಒತ್ತಿ ಹಿಡಿದಿತ್ತು. ವೈರಿನ ಮೇಲಿನ ಕಪ್ಪು ಕವಚ ಉಜ್ಜಿ ಉಜ್ಜಿ ಸವೆದು ತಾಮ್ರ ಕಾಣುತ್ತಿತ್ತು. 'ಇನ್ಸುಲೇಷನ್ ಇದೆಯಲ್ಲ, ಏನಾಗಲ್ಲ' ಎನ್ನುವವರಿಗೆ ನಾನು ಹೇಳುವ ಉದಾಹರಣೆ ಇದು. ಆ ಕವಚ ಮಳೆಗೆ, 48 ವೋಲ್ಟಿಗೆ. ಗಾಳಿಗೆ ತೂಗುವ ತಂತಿಯ ಗರಗಸಕ್ಕೆ ಅಲ್ಲ.

ಹಾಗಾದರೆ ಕರೆಂಟನ್ನು ಮಣ್ಣಿಗೆ ತಿರುಗಿಸಿದರಷ್ಟೇ ಸಾಲದು, ಯಾರಾದರೂ ನಿಲ್ಲಿಸಲೂ ಬೇಕು. ನಿಮ್ಮ ಫ್ಯೂಸಿನ ಪ್ರಶ್ನೆ ಬರುವುದು ಇಲ್ಲಿ. ಹಳೆಯ ಪದ್ಧತಿಯಲ್ಲಿ ಪ್ರೊಟೆಕ್ಟರಿಗೆ ಮೊದಲು ಉದ್ದನೆಯ ಕೊಳವೆಯಂಥ ಫ್ಯೂಸು ಇರುತ್ತಿತ್ತು. ಈಗ ಹೆಚ್ಚಿನ ಕಡೆ ಆ ಕೆಲಸವನ್ನು ತಂತಿಗೇ ವಹಿಸುತ್ತಾರೆ. ಕಂಬದಿಂದ ಬರುವ ಕೇಬಲ್ಲಿನ ದಾರಿಯಲ್ಲಿ, ಮನೆಯ ಹೊರಗೆ, ಒಂದು ತುಂಡು ಬೇಕೆಂದೇ ತೆಳ್ಳಗಿರುತ್ತದೆ. ಕರೆಂಟು ಮಿತಿ ಮೀರಿದರೆ ಮೊದಲು ಅದು ಕರಗಬೇಕು, ಅದೂ ಹೊರಗಡೆ. ಇದರ ಹಿಂದಿರುವ ನಿಯಮ ತುಂಬ ಸರಳ. ಲೈನಿನ ತಂತಿಗಿಂತ ಪ್ರೊಟೆಕ್ಟರ್ ಗಟ್ಟಿ ಇರಬೇಕು, ಪ್ರೊಟೆಕ್ಟರಿನ ಅರ್ಥ್ ತಂತಿ ಅದಕ್ಕೂ ಗಟ್ಟಿ ಇರಬೇಕು. ಉಲ್ಟಾ ಆದರೆ ಮೊದಲು ಅರ್ಥ್ ತಂತಿ ಕರಗುತ್ತದೆ. ಆಗ ಪೂರ್ತಿ ವೋಲ್ಟೇಜ್ ಹೋಗಲು ದಾರಿ ಒಂದೇ, ನಿಮ್ಮ ಮನೆ. ಟೆಲಿಫೋನ್ ವೈರಿನದೇ ಒಂದು ಉಳಿದ ತುಂಡನ್ನು ಅರ್ಥ್ ತಂತಿಯಾಗಿ ಕಟ್ಟಿ ಹೋಗಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಕಡೆ ನೋಡಿದ್ದೇನೆ.

ನೀವಾಗಿ ಒಂದು ಗಾಜಿನ ಫ್ಯೂಸು ತಂದು ಲೈನಿಗೆ ಸೇರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎರಡು ಸೆಂಟಿಮೀಟರಿನ ಗಾಜಿನ ಫ್ಯೂಸು 250 ವೋಲ್ಟಿನವರೆಗೆ ಕಡಿದು ನಿಲ್ಲಿಸಬಲ್ಲದು. ಸಾವಿರಾರು ವೋಲ್ಟ್ ಬಂದರೆ ಒಳಗಿನ ಎಳೆ ಕರಗಿದ ಮೇಲೂ ಆ ಸಂದಿನಲ್ಲಿ ಬೆಂಕಿಯ ಎಳೆ ಉರಿಯುತ್ತಲೇ ಇರುತ್ತದೆ. ಫ್ಯೂಸು ಹೋದರೂ ಕರೆಂಟು ಹೋಗುವುದಿಲ್ಲ.

ಅರ್ಥಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ತಪ್ಪುಗಳು ಇಲ್ಲೇ ಆಗುವುದು. ಟೆಲಿಫೋನಿಗೆ ಬೇರೆ ರಾಡು, ಮನೆ ಕರೆಂಟಿಗೆ ಬೇರೆ ರಾಡು ಹಾಕಿ ಎರಡನ್ನೂ ದೂರ ಇಟ್ಟರೆ 'ಒಂದರ ತೊಂದರೆ ಇನ್ನೊಂದಕ್ಕೆ ಬರುವುದಿಲ್ಲ' ಎಂದು ಜನ ನಂಬುತ್ತಾರೆ. ನಿಜ ಇದರ ಉಲ್ಟಾ. 11,000 ವೋಲ್ಟಿನ ತಂತಿ ತಾಗಿ, ಟೆಲಿಫೋನ್ ರಾಡಿನ ಮೂಲಕ 20 ಆಂಪಿಯರ್ ಮಣ್ಣಿಗೆ ಹೋಗುತ್ತಿದೆ ಅನ್ನಿ. ರಾಡು 25 ಓಮ್. 20ನ್ನು 25ರಿಂದ ಗುಣಿಸಿದರೆ 500. ಅಂದರೆ 'ಭೂಮಿ' ಎಂದು ನಾವು ನಂಬಿದ ಆ ರಾಡೇ 500 ವೋಲ್ಟಿನಲ್ಲಿ ನಿಂತಿದೆ. ಅದಕ್ಕೆ ಸೇರಿದ ಫೋನ್ ಲೈನೂ ಅಷ್ಟೇ ಎತ್ತರದಲ್ಲಿದೆ. ಪಕ್ಕದ ಗೋಡೆಯ ಕರೆಂಟ್ ಸಾಕೆಟಿನ ಅರ್ಥ್ ಮಾತ್ರ ಬೇರೆ ರಾಡಿನದ್ದು, ಅದು ಸೊನ್ನೆಯಲ್ಲಿದೆ. ಎರಡಕ್ಕೂ ಸೇರಿಕೊಂಡಿರುವ ವಸ್ತು ಮನೆಯಲ್ಲಿ ಯಾವುದು? ಮೋಡೆಮ್. ಅದಕ್ಕೆ ತಂತಿ ಹಾಕಿದ ಕಂಪ್ಯೂಟರ್. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಫ್ರಿಜ್ ಬಾಗಿಲು ತೆಗೆಯುವ ಮನುಷ್ಯ. 500 ವೋಲ್ಟಿನ ವ್ಯತ್ಯಾಸ ಅವರ ಮೇಲೆ ಬೀಳುತ್ತದೆ. ಎರಡು ಅರ್ಥನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿಸಿದ್ದರೆ ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ನಡುವೆ ಇರುವವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದೋಣಿಯೇ ಮೇಲೆದ್ದರೆ ಒಳಗೆ ಕೂತವರು ಒದ್ದೆಯಾಗುವುದಿಲ್ಲ, ಹಾಗೆ.

ಅರ್ಥ್ ತಂತಿ ಚಿಕ್ಕದೂ ನೆಟ್ಟಗೂ ಇರಬೇಕು. ಅಮೆರಿಕದ ವಿದ್ಯುತ್ ನಿಯಮಾವಳಿಯಲ್ಲಿ ಸಾಮಾನ್ಯ ಮನೆಗಳಿಗೆ ಸುಮಾರು 6 ಮೀಟರಿನ ಮಿತಿ ಇದೆ. ತಂತಿ ಸುಮಾರು 2 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು ಎಂದೂ ಇದೆ. ಅದೇ ನಿಯಮಾವಳಿಯಲ್ಲಿ, ಭೂಮಿಗೆ 300 ವೋಲ್ಟಿಗಿಂತ ಮೇಲಿನ ಕರೆಂಟ್ ತಂತಿ ಆಕಸ್ಮಿಕವಾಗಿ ತಾಗಬಹುದಾದ ಜಾಗದಲ್ಲಿ ಹಾದು ಬರುವ ಪ್ರತಿ ಟೆಲಿಫೋನ್ ಲೈನಿಗೂ ಮನೆ ಹೊಕ್ಕುವಲ್ಲಿ ಪ್ರೊಟೆಕ್ಟರ್ ಕಡ್ಡಾಯ. ಬೇರೆ ದೇಶಗಳ ಅಂಕಿ ಬೇರೆ ಇರಬಹುದು. ಯೋಚನೆ ಒಂದೇ.

ಎಕ್ಸ್‌ಚೇಂಜಿನ ತುದಿಯಲ್ಲೂ ಇದೇ ಕಳ್ಳ ಕರೆಂಟಿನ ಕಾಟ. ಸಾವಿರಾರು ಲೈನು ಬಂದು ಸೇರುವ ದೊಡ್ಡ ಚೌಕಟ್ಟಿನಲ್ಲಿ ಹಿಂದೆ ಪ್ರತಿ ಲೈನಿಗೂ ಒಂದು ಹೀಟ್ ಕಾಯಿಲ್ ಇರುತ್ತಿತ್ತು. ಬಹಳ ಮುದ್ದಾದ ವಸ್ತು ಅದು. ಬೆರಳ ತುದಿಯಷ್ಟು ಸುರುಳಿ, ಒಳಗೆ ಸೋಲ್ಡರಿನಲ್ಲಿ ಅಂಟಿಸಿದ ಒಂದು ಕಡ್ಡಿ, ಹಿಂದೆ ಸ್ಪ್ರಿಂಗು. ಅರ್ಧ ಆಂಪಿಯರ್ ಸುಮಾರು ಕರೆಂಟು ಕೆಲವು ನಿಮಿಷ ಹರಿದರೆ ಸುರುಳಿ ಕಾದು ಸೋಲ್ಡರ್ ಕರಗುತ್ತದೆ, ಕಡ್ಡಿ ಜಾರಿ ಲೈನು ಅರ್ಥಿಗೆ ಸೇರುತ್ತದೆ. ಈಗ ಆ ಜಾಗಕ್ಕೆ ಪಿಟಿಸಿ ಬಂದಿದೆ, ಅಂದರೆ ಕಾದಷ್ಟೂ ರೆಸಿಸ್ಟೆನ್ಸ್ ಏರುವ ಒಂದು ಸಣ್ಣ ಬಿಡಿಭಾಗ. ತಣ್ಣಗಿದ್ದಾಗ ಕೆಲವು ಓಮ್, ಕಾದರೆ ಸಾವಿರಾರು ಓಮ್. ಹಾಗಾಗಿ ತಾನೇ ದಾರಿ ಮುಚ್ಚಿಕೊಳ್ಳುತ್ತದೆ. ತೊಂದರೆ ಹೋದ ಮೇಲೆ ತಣಿದು ತಾನೇ ದಾರಿ ಬಿಡುತ್ತದೆ. ಲೈನ್‌ಮ್ಯಾನ್ ಬರಬೇಕಿಲ್ಲ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಕೆ.20, ಕೆ.21 ಶಿಫಾರಸುಗಳಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಮೊದಲನೆಯದು ಎಕ್ಸ್‌ಚೇಂಜಿನ ಸಾಮಾನಿಗೆ, ಎರಡನೆಯದು ಮನೆಯ ಸಾಮಾನಿಗೆ. ಲೈನಿನ ಮೇಲೆ 230 ವೋಲ್ಟ್ ಎಸಿಯನ್ನು 15 ನಿಮಿಷ ಇಡುತ್ತಾರೆ. ಒಂದೇ ಸಲ ಅಲ್ಲ. ನಡುವೆ 10 ಓಮಿನಿಂದ 1,000 ಓಮಿನವರೆಗೆ ಬೇರೆ ಬೇರೆ ರೆಸಿಸ್ಟೆನ್ಸ್ ಹಾಕಿ ಮತ್ತೆ ಮತ್ತೆ ಮಾಡುತ್ತಾರೆ. 10 ಓಮ್ ಅಂದರೆ ಹತ್ತಿರದಲ್ಲೇ ತಾಗಿದ ಹಾಗೆ. ದೊಡ್ಡ ಕರೆಂಟು, ಫ್ಯೂಸು ಬೇಗ ಹೋಗುತ್ತದೆ. 1,000 ಓಮ್ ಅಂದರೆ ದೂರದಲ್ಲಿ, ಕೆಟ್ಟ ಜೋಡಣೆಯ ಮೂಲಕ ತಾಗಿದ ಹಾಗೆ, ಕರೆಂಟು ಬಹಳ ಕಡಿಮೆ. ಸಾಮಾನು ಸೋಲುವುದು ಹೆಚ್ಚಾಗಿ ಈ ಎರಡರಲ್ಲೂ ಅಲ್ಲ. ನಡುವೆ, 160, 300 ಓಮಿನ ಹತ್ತಿರ. ಯಾವ ಕಾವಲೂ ಎಚ್ಚರವಾಗದ, ಆದರೆ ಕಾವು ಏರುತ್ತಲೇ ಇರುವ ಜಾಗ ಅದು. ಸಾಮಾನು ಕೆಟ್ಟರೂ ಕನಿಷ್ಠ ಬೆಂಕಿ ಹತ್ತಬಾರದು ಅನ್ನುವುದು ಅಲ್ಲಿಯ ಮೂಲ ಷರತ್ತು. ಮೋಡೆಮ್ ಕೊಳ್ಳುವಾಗ ವಿವರದಲ್ಲಿ ಕೆ.21 ಎಂದಿದ್ದರೆ ಈ ಪರೀಕ್ಷೆ ದಾಟಿದ್ದು ಎಂದು ತಿಳಿಯಿರಿ.

ಈಗ ನಿಮ್ಮ ಸರ್ಜ್ ಪ್ಲಗ್ಗಿಗೆ ಬರೋಣ. ಅಂಥ ಪ್ಲಗ್ಗುಗಳಲ್ಲಿ ಹೆಚ್ಚಾಗಿ ಇರುವುದು ಎಂಒವಿ, ಅಂದರೆ ವೋಲ್ಟೇಜ್ ಮಿತಿ ದಾಟಿದರೆ ಕರೆಂಟನ್ನು ತನ್ನೊಳಗೆ ಹಾಯಲು ಬಿಡುವ ವ್ಯಾರಿಸ್ಟರ್ ಬಿಲ್ಲೆ. ಅದು ಟ್ಯೂಬಿನಂತೆ ವೋಲ್ಟೇಜನ್ನು 15ಕ್ಕೆ ಇಳಿಸುವುದಿಲ್ಲ. ತನ್ನ ಮಿತಿ 250 ವೋಲ್ಟಾದರೆ ಅಲ್ಲೇ ಹಿಡಿದು ನಿಲ್ಲುತ್ತದೆ. 250 ವೋಲ್ಟಿನಲ್ಲಿ 2 ಆಂಪಿಯರ್ ಹರಿದರೆ ಆ ಗಳಿಗೆಗೆ 500 ವ್ಯಾಟ್, ಒಂದು ಬಿಲ್ಲೆಯೊಳಗೆ. ಮಿಂಚಿಗೆ ಪರವಾಗಿಲ್ಲ, ಬಂದು ಹೋಗುತ್ತದೆ. ತಾಗಿ ನಿಂತ ಕರೆಂಟಿಗೆ ಅದೇ ಬೆಂಕಿಯ ಕಡ್ಡಿ. ಅದೂ ನಿಮ್ಮ ಹಾಸಿಗೆಯ ಪಕ್ಕದ ಪ್ಲಗ್ಗಿನಲ್ಲಿ. ಹೊರಗೆ ಸರಿಯಾದ ಪ್ರೊಟೆಕ್ಟರ್ ಇದ್ದು, ಪ್ಲಗ್ಗಿನೊಳಗೂ ಫ್ಯೂಸೋ ಪಿಟಿಸಿಯೋ ಇದ್ದರೆ ಎರಡನೇ ಸಾಲಿನ ಕಾವಲಾಗಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಮೊದಲನೇ ಸಾಲೇ ಇಲ್ಲದೆ ಎರಡನೆಯದನ್ನು ನಂಬಬೇಡಿ.

ಇಷ್ಟು ಹೇಳಿದರೂ, ಅಸಲಿ ಕಾವಲು ಇರುವುದು ಕಂಬದ ಮೇಲೆ. ತಾಗದಂತೆ ನೋಡಿಕೊಳ್ಳುವುದು. ಒಂದೇ ಕಂಬದಲ್ಲಿ ಕರೆಂಟ್ ಮೇಲೆ, ಟೆಲಿಫೋನ್ ಕೆಳಗೆ. ಟೆಲಿಫೋನಿನವನು ತನ್ನ ಕೆಲಸಕ್ಕಾಗಿ ಕರೆಂಟ್ ತಂತಿ ದಾಟಿ ಹತ್ತಬಾರದು ಎಂಬುದಕ್ಕೆ ಹಾಗೆ. ನಡುವೆ ಖಾಲಿ ಜಾಗ ಬಿಡುತ್ತಾರೆ. ಅಮೆರಿಕದಲ್ಲಿ ಅದು 40 ಇಂಚು, ಹೆಚ್ಚುಕಡಿಮೆ ಒಂದು ಮೀಟರ್. ಈ ಅಂತರವನ್ನು ಕಂಬದ ಹತ್ತಿರ ಅಳೆದು ಸಮಾಧಾನ ಪಟ್ಟುಕೊಂಡರೆ ಕೆಟ್ಟೆವು. ಎರಡು ಕಂಬದ ನಡುವೆ ತಂತಿ ಜೋತುಬೀಳುತ್ತದೆ. ಬಿಸಿಲಿಗೆ, ಅದರ ಮೇಲೆ ಎಲ್ಲರೂ ಫ್ಯಾನು ಹಾಕುವ ಹೊತ್ತಿನ ಲೋಡಿಗೆ, ಲೋಹ ಹಿಗ್ಗಿ ಇನ್ನೂ ಜೋಲುತ್ತದೆ. ಬೆಳಗಿನ ತಂಪಿನಲ್ಲಿ ಅಳೆದ ಒಂದು ಮೀಟರು ಮಧ್ಯಾಹ್ನ ಅರ್ಧ ಮೀಟರಾಗಿರಬಹುದು. ಲೆಕ್ಕ ಹಾಕಬೇಕಾದ್ದು ಅತಿ ಹೆಚ್ಚು ಜೋತಾಗಿನದನ್ನು.

ಒಂದನ್ನೊಂದು ದಾಟುವ ಕಡೆ ನೇರ ಅಡ್ಡ ದಾಟಬೇಕು, ಲಂಬಕೋನಕ್ಕೆ ಆದಷ್ಟು ಹತ್ತಿರ. ಓರೆಯಾಗಿ ದಾಟಿದರೆ ಅಪಾಯದ ಉದ್ದ ಜಾಸ್ತಿ. ಕಂಬದ ಬಳಿ ದಾಟಿದರೆ ಇನ್ನೂ ಒಳ್ಳೆಯದು, ಅಲ್ಲಿ ಜೋಲು ಕಡಿಮೆ. ದೊಡ್ಡ ಲೈನಿನ ಕೆಳಗೆ ದಾಟುವಲ್ಲಿ ಬಲೆಯಂತೆ ಗಾರ್ಡಿಂಗ್ ತಂತಿ ಕಟ್ಟಿ ಅರ್ಥ್ ಮಾಡುವ ಪದ್ಧತಿಯೂ ಇದೆ. ಮೇಲಿನ ತಂತಿ ತುಂಡಾದರೆ ಮೊದಲು ಆ ಬಲೆಗೆ ಬೀಳಬೇಕು, ಬಿದ್ದ ಕೂಡಲೇ ಲೈನ್ ಟ್ರಿಪ್ ಆಗಬೇಕು. ಬಲೆಯ ಅರ್ಥ್ ತುಕ್ಕು ಹಿಡಿದು ಬಿಟ್ಟುಹೋಗಿದ್ದರೆ ಅದು ಬರೀ ಅಲಂಕಾರ. ಕೇಬಲ್ಲನ್ನು ಹೊತ್ತ ಉಕ್ಕಿನ ತಂತಿ, ಕೇಬಲ್ಲಿನೊಳಗಿನ ಲೋಹದ ಹಾಳೆ, ಇವೆರಡನ್ನೂ ಅಲ್ಲಲ್ಲಿ ಅರ್ಥ್ ಮಾಡಬೇಕು, ನಡುವೆ ಎಲ್ಲೂ ಕಡಿಯಬಾರದು. ಬಿದ್ದ ತಂತಿಗೆ ಮೊದಲು ಸಿಗುವುದು ಅವೇ. ಮರದ ಕೊಂಬೆಯ ವಿಷಯ ಮೇಲೆಯೇ ಹೇಳಿದೆ.

ಇದು ಹೊಸ ಕಾಟವೇನಲ್ಲ. 1889ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಜಾನ್ ಫೀಕ್ಸ್ ಎಂಬ ಟೆಲಿಗ್ರಾಫ್ ಲೈನ್‌ಮ್ಯಾನ್ ಕಂಬದ ಮೇಲೆ ತಂತಿಗಳ ಜಾಲದ ನಡುವೆ ಕೆಲಸ ಮಾಡುತ್ತಿದ್ದ. ಅವನು ಹಿಡಿದದ್ದು ನಿರಪಾಯ ಎಂದು ನಂಬಿದ್ದ ತಂತಿಯನ್ನೇ. ಆದರೆ ಎಷ್ಟೋ ಬೀದಿಗಳಾಚೆ ಅದು ಹೈ ವೋಲ್ಟೇಜ್ ಎಸಿ ತಂತಿಗೆ ತಾಗಿಕೊಂಡಿತ್ತು. ಊಟದ ಹೊತ್ತಿನ ಜನಜಂಗುಳಿಯ ಕಣ್ಣೆದುರೇ ಅವನು ಕಂಬದ ಮೇಲೆ ಸತ್ತ. ಇವತ್ತಿಗೂ ಲೈನ್ ಕೆಲಸದವರು ಕಂಬ ಹತ್ತುವ ಮೊದಲು, ಡಬ್ಬಿ ತೆಗೆಯುವ ಮೊದಲು ಟೆಸ್ಟರ್ ಹಿಡಿಯುವುದು ಇದಕ್ಕೇ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ತಂತಿ ಸರಿ ಇದ್ದ ಮಾತ್ರಕ್ಕೆ ಅದು ಸತ್ತ ತಂತಿ ಎಂದಲ್ಲ.

'ನಾವು ಫೈಬರ್ ಹಾಕಿಸಿಕೊಂಡಿದ್ದೇವೆ, ನಮಗೆ ಇದೆಲ್ಲ ಇಲ್ಲ' ಅನ್ನುವವರು ಕೇಬಲ್ಲಿನ ತುದಿ ಒಮ್ಮೆ ನೋಡಲಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಪಕ್ಕದಲ್ಲೇ ಎಳೆತಕ್ಕೆಂದು ಹಾಕಿದ ಉಕ್ಕಿನ ತಂತಿಯಲ್ಲಿ ಚೆನ್ನಾಗಿ ಹರಿಯುತ್ತದೆ. ಅಂಥ ಕೇಬಲ್ಲಾದರೆ ಉಕ್ಕನ್ನು ಮನೆಯ ಹೊರಗೇ ಅರ್ಥ್ ಮಾಡಬೇಕು, ಇಲ್ಲವೇ ಹೊರಗೇ ಕಡಿದು ಬಿಟ್ಟು ಬರೀ ಗಾಜು ಒಳಗೆ ಬರುವಂತೆ ಮಾಡಬೇಕು. ಲೋಹವೇ ಇಲ್ಲದ ಕೇಬಲ್ಲೂ ಸಿಗುತ್ತದೆ.

ನಿಮ್ಮ ಮನೆಗೆ ಈಗ ಏನು ಮಾಡಬೇಕು ಅಂದರೆ, ಲೈನ್ ಸರಿಮಾಡಲು ಬಂದವರನ್ನು ನಿಲ್ಲಿಸಿಕೊಂಡು ಮೂರು ವಿಷಯ ಕೇಳಿ. ಪ್ರೊಟೆಕ್ಟರ್ ಕಾದರೆ ಲೈನನ್ನು ಅರ್ಥಿಗೆ ಸೇರಿಸುವ ಪಟ್ಟಿ ಅದರಲ್ಲಿ ಇದೆಯಾ. ಅದರ ಅರ್ಥ್ ತಂತಿ ಲೈನಿನ ತಂತಿಗಿಂತ ದಪ್ಪ ಇದೆಯಾ. ಆ ತಂತಿ ಮನೆ ಕರೆಂಟಿನ ಅರ್ಥಿಗೆ ಸೇರಿದೆಯಾ. ಮೂರನೆಯದಕ್ಕೆ ಎಲೆಕ್ಟ್ರಿಷಿಯನ್ ಬೇಕಾಗಬಹುದು. ಟೆಲಿಫೋನಿನವರು ಅದು ನಮ್ಮ ಕೆಲಸವಲ್ಲ ಅನ್ನುತ್ತಾರೆ, ಎಲೆಕ್ಟ್ರಿಷಿಯನ್ನೂ ಹಾಗೇ ಅನ್ನುತ್ತಾನೆ. ಇಬ್ಬರೂ ಒಟ್ಟಿಗೆ ಇರುವ ದಿನ ಮಾಡಿಸಿ.

ಮುಂದೆ ಎಂದಾದರೂ ಫೋನಿನಲ್ಲಿ ಜೋರು ಗುಂಯ್ ಸದ್ದು, ತಾನಾಗೇ ಬಾರಿಸುವ ಗಂಟೆ, ಬೆಚ್ಚಗಾದ ಡಬ್ಬಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಮುಟ್ಟಿದರೆ ಜುಮ್ ಅನ್ನುವುದು ಇವುಗಳಲ್ಲಿ ಯಾವುದೇ ಕಂಡರೂ ರಿಸೀವರ್ ಮುಟ್ಟಬೇಡಿ. ಮೋಡೆಮಿನ ವೈರು ಕೀಳಲೂ ಹೋಗಬೇಡಿ. ಮೊಬೈಲಿನಿಂದ ಮೊದಲು ಕರೆಂಟಿನವರಿಗೆ ಹೇಳಿ, ಆಮೇಲೆ ಟೆಲಿಫೋನಿನವರಿಗೆ. ಈ ಕ್ರಮ ಮುಖ್ಯ. ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತು ಮೀಟರಾದರೂ ದೂರ ಇರಿ. ಅದು ಟೆಲಿಫೋನ್ ತಂತಿಯಂತೆ ಕಂಡರೂ ಅಷ್ಟೇ. ಆಚೆ ತುದಿಯಲ್ಲಿ ಅದು ಯಾವುದಕ್ಕೆ ತಾಗಿದೆಯೋ ಯಾರಿಗೆ ಗೊತ್ತು.

ಕೊನೆಗೆ ನಿಮ್ಮ ಸತ್ತ ಫೋನು. ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೂತುಬಿಟ್ಟ ಪ್ರೊಟೆಕ್ಟರ್ ಕಿತ್ತ ಕೂಡಲೇ ಡಯಲ್ ಟೋನ್ ಬರುತ್ತದೆ. ಬೇಗ ಕೆಲಸ ಮುಗಿಸಿ ಹೋಗಬೇಕಾದ ಲೈನ್‌ಮ್ಯಾನ್ ಎಷ್ಟೋ ಸಲ ಅಷ್ಟೇ ಮಾಡಿ ಹೋಗುತ್ತಾನೆ, ಮನೆಯವರೂ ಖುಷಿ. ನೀವು ಹಾಗೆ ಬಿಡಬೇಡಿ. ಹಳೆಯದನ್ನು ತೆಗೆದ ಜಾಗಕ್ಕೆ ಹೊಸದು ಕೂತ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಿಸಿ. ತೆಗೆದ ಹಳೆಯದನ್ನು ಕೇಳಿ ಇಸಕೊಳ್ಳಿ. ಬಿಚ್ಚಿ ನೋಡಿದರೆ ಕರಗಿ ಚಪ್ಪಟೆಯಾದ ಸೋಲ್ಡರ್ ಗುಳಿಗೆಯ ಗುರುತು ಕಾಣಬಹುದು. ಪಕ್ಕದ ಮನೆಯವರಿಗೂ ತೋರಿಸಿ, ಅವರ ಡಬ್ಬಿಯನ್ನೂ ಅದೇ ದಿನ ತೆಗೆಸಿ ನೋಡಿ.